ನೂರು ಗ್ರಾಂ ತೂಗಿದ ಹಾಡು

ಮಸ್ಕತ್ತಿನ ಬೌಷರ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆ ಬಾಗಿಲ ಹಿಂದೆ ಒಂದು ದಪ್ಪ ಮೊಳೆ ಉಂಟು. ಅದರಲ್ಲಿ ಒಂದು ಸ್ಪ್ರಿಂಗ್ ತಕ್ಕಡಿ ನೇತಾಡುತ್ತಾ ಇಪ್ಪತ್ತೇಳು ವರ್ಷ ಆಯಿತು. ಕೆಳಗೆ ಕೊಕ್ಕೆ, ಮೇಲೆ ಉಂಗುರ, ನಡುವೆ ಹಿತ್ತಾಳೆಯ ದುಂಡು ಮುಖ, ಆ ಮುಖದ ಗಾಜಿಗೆ ಓರೆಯಾಗಿ ಒಂದು ಬಿರುಕು. ನಾನು ಬಿಡಿಭಾಗಗಳ ಗೋಡೌನಿನಲ್ಲಿ ಸ್ಟೋರ್ ಕೀಪರ್ ಆಗಿ ಸೇರಿದ ಹೊಸತರಲ್ಲಿ ಅವರು ಇದನ್ನು ಗುಜರಿಗೆ ಹಾಕುವವರಿದ್ದರು. ಕೇಳಿಯೇ ತಂದದ್ದು ಮಾರಾಯ್ರೆ, ಬೇರೆ ಅರ್ಥ ಮಾಡಿಕೊಳ್ಳಬೇಡಿ.

ನನ್ನ ಹೆಂಡತಿ ವಿನೋದಾ ಪ್ರತಿ ಸಲ ಮನೆ ಗುಡಿಸುವಾಗಲೂ ಇದನ್ನು ಎಸೆಯುವ ಮಾತು ತೆಗೆಯುತ್ತಾಳೆ. ಮಗಳು ಒಂದು ಡಿಜಿಟಲ್ ತಕ್ಕಡಿ ತಂದುಕೊಟ್ಟು, "ಡ್ಯಾಡಿ, ಥ್ರೋ ದಟ್ ಥಿಂಗ್, ನೋ?" ಎಂದು ಅಪ್ಪಣೆ ಕೊಟ್ಟಳು. ಆ ಡಿಜಿಟಲ್ ಒಮ್ಮೆ ಕೀಂ ಎನ್ನುತ್ತದೆ, ಒಂದು ಅಂಕಿ ತೋರಿಸುತ್ತದೆ, ಖಲಾಸ್. ನನಗೆ ಅದರ ಮೇಲೆ ನಂಬಿಕೆ ಬರುವುದಿಲ್ಲ. ಮುಳ್ಳು ಸ್ವಲ್ಪ ಹೊತ್ತು ಆಚೆ ಈಚೆ ನಡುಗಬೇಕು, ಅನುಮಾನ ಪಡಬೇಕು, ಆಮೇಲೆ ನಿಲ್ಲಬೇಕು. ಆಗ ತೂಕ ನೋಡಿದ ಹಾಗಾಗುತ್ತದೆ.

ಈ ತಕ್ಕಡಿಯಿಂದಾಗಿ ನಾನು ನಮ್ಮ ಕಟ್ಟಡದಲ್ಲಿ ಒಂದು ರೀತಿಯ ದೊಡ್ಡ ಮನುಷ್ಯನಾಗಿದ್ದೆ. ಊರಿಗೆ ಹೋಗುವವರೆಲ್ಲ ಮೊದಲು ನನ್ನ ಬಾಗಿಲು ತಟ್ಟಬೇಕು. ಗಲ್ಫಿನಲ್ಲಿ ಇದ್ದವರಿಗೆ ಇದು ವಿವರಿಸಬೇಕಾಗಿಲ್ಲ. ಒಬ್ಬ ರಜೆಯಲ್ಲಿ ಹೊರಟರೆ ಸಾಕು, ಇಡೀ ಕಟ್ಟಡ ಅವನ ಪೆಟ್ಟಿಗೆಯೊಳಗೆ ಕೂತು ಹೋಗಲು ನೋಡುತ್ತದೆ. "ಅಣ್ಣ, ಒಂದು ಸಣ್ಣ ಪೊಟ್ಟಣ, ಅರ್ಧ ಕಿಲೋ ಕೂಡ ಇಲ್ಲ." ಆ ಸಣ್ಣ ಪೊಟ್ಟಣದಲ್ಲಿ ನಾನು ಮಿಕ್ಸಿಯ ಜಾರು ನೋಡಿದ್ದೇನೆ, ಇಸ್ತ್ರಿಪೆಟ್ಟಿಗೆ ನೋಡಿದ್ದೇನೆ, ಒಮ್ಮೆ ಬಾತ್‌ರೂಮಿನ ನಲ್ಲಿ ಕೂಡ ನೋಡಿದ್ದೇನೆ. ಎಲ್ಲವನ್ನೂ ಕೊಕ್ಕೆಗೆ ಸಿಕ್ಕಿಸಿ, ಮೂಗಿನ ತುದಿಗೆ ಕನ್ನಡಕ ಇಳಿಸಿ, "ಒಂದೂವರೆ ಕಿಲೋ. ತೆಗೆಯಿರಿ ಆ ಸೋಪು" ಎಂದು ತೀರ್ಪು ಕೊಡುತ್ತಿದ್ದೆ. ನನ್ನ ಎದುರು ಯಾರ ವಕಾಲತ್ತೂ ನಡೆಯುತ್ತಿರಲಿಲ್ಲ.

ಮೊನ್ನೆ ಶುಕ್ರವಾರ ಊಟ ಆಗಿ ಕೂತಿದ್ದಾಗ ಬಾಗಿಲು ತಟ್ಟಿದವರು ಐರಿನ್ ಬಾಯಿ. ಎರಡು ದೊಡ್ಡ ಪೆಟ್ಟಿಗೆ ಎಳೆದುಕೊಂಡು ಬಂದಿದ್ದರು. ಇದು ರಜೆಯ ಪೆಟ್ಟಿಗೆ ಅಲ್ಲ. ವೀಸಾ ಕ್ಯಾನ್ಸಲ್ ಮಾಡಿಸಿ, ಪೂರ್ತಿ ಊರಿಗೆ ಹೊರಟ ಪೆಟ್ಟಿಗೆ.

"ಸುಧಾಕರಣ್ಣ, ಕೊನೆಗೊಮ್ಮೆ ತೂಗಿ ಕೊಡಿ" ಎಂದರು. ನಾವು ಮಾತಾಡುವುದು ತುಳುವಿನಲ್ಲಿ. ನಿಮಗೋಸ್ಕರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಐರಿನ್ ಬಾಯಿ ಯಾರು ಎಂದು ಮಸ್ಕತ್ತಿನ ಹಳಬರಿಗೆ ಹೇಳಬೇಕಾಗಿಲ್ಲ. ಸಮುದ್ರದ ಬದಿಯ ಆ ದೊಡ್ಡ ಹೋಟೆಲಿನ ಲಾಬಿಯಲ್ಲಿ ಎಷ್ಟೋ ವರ್ಷ ಅವರ ಆಳೆತ್ತರದ ಫೋಟೋ ನಿಂತಿತ್ತು. ಕಪ್ಪು ಗೌನು, ಕೈಯಲ್ಲಿ ಮೈಕು, ಕೆಳಗೆ 'ಸೋಲ್ ಆಂಡ್ ಗಾಸ್ಪೆಲ್' ಎಂದು ಬಂಗಾರದ ಅಕ್ಷರ. ಆದರೆ ಅವರು ನನಗೆ ಗೊತ್ತಾದದ್ದು ಫೋಟೋದಿಂದ ಅಲ್ಲ, ಬಾತ್‌ರೂಮಿನ ಎಕ್ಸಾಸ್ಟ್ ಕಿಂಡಿಯಿಂದ. ನಮ್ಮ ಕಟ್ಟಡದಲ್ಲಿ ಮೇಲಿನಿಂದ ಕೆಳಗಿನವರೆಗೆ ಎಲ್ಲ ಬಾತ್‌ರೂಮುಗಳಿಗೂ ಸೇರಿ ಒಂದೇ ಗಾಳಿಯ ಓಣಿ. ಅವರು ನಮ್ಮ ಮೇಲಿನ ಮಾಳಿಗೆ. ನಾನು ಬೆಳಿಗ್ಗೆ ಗಡ್ಡಕ್ಕೆ ನೊರೆ ಹಚ್ಚುವ ಹೊತ್ತಿಗೆ ಸರಿಯಾಗಿ ಮೇಲಿಂದ ಆ ಸ್ವರ ಇಳಿದು ಬರುತ್ತಿತ್ತು. ದಪ್ಪ ಸ್ವರ, ಸ್ವಲ್ಪ ಒರಟು, ಆದರೆ ಎಷ್ಟು ಬೆಚ್ಚಗೆ! ನಾನು ಬ್ಲೇಡು ಹಿಡಿದುಕೊಂಡು ನಿಂತುಬಿಡುತ್ತಿದ್ದೆ. ನನ್ನ ಗಲ್ಲದ ಎಡಭಾಗದಲ್ಲಿ ಈಗಲೂ ಎರಡು ಗೆರೆ ಉಂಟಲ್ಲ, ಅದು ಐರಿನ್ ಬಾಯಿಯ ಸಂಗೀತದ ಗುರುತು.

ಹೆಚ್ಚಾಗಿ ಅವರು ಹಾಡುತ್ತಿದ್ದದ್ದು ಒಂದೇ ಕೊಂಕಣಿ ಹಾಡು. ಅವರ ಊರಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹಿಂದೆ ಯಾರೋ ಕಟ್ಟಿ ಹಾಡುತ್ತಿದ್ದದ್ದಂತೆ, ಯಾವ ಪುಸ್ತಕದಲ್ಲೂ ಇಲ್ಲವಂತೆ. ದೋಣಿಯವನೊಬ್ಬ ಮಂಜಿನಲ್ಲಿ ದಾರಿ ತಪ್ಪಿ ದೇವರಿಗೆ ಹೇಳುತ್ತಾನೆ: ದಡ ಕಾಣುವುದಿಲ್ಲ ಸ್ವಾಮಿ, ನೀನು ಅಲ್ಲಿಂದ ಕೂಗು, ಕೂಗಿದ ಕಡೆಗೆ ನಾನು ಹುಟ್ಟು ಹಾಕುತ್ತೇನೆ. ಇಷ್ಟೇ. ಕೊನೆಯ ಸಾಲಿನ ಆ 'ಕೂಗು' ಎಂಬ ಮಾತಿಗೆ ಬಂದಾಗ ಸ್ವರ ಇಳಿಯಬೇಕಾದಲ್ಲಿ ಅವರು ಇಳಿಸುತ್ತಿರಲಿಲ್ಲ. ಸ್ವಲ್ಪ ಮೇಲೆ ಹೋಗಿ, ಅಲ್ಲಿ ಮರೆತುಹೋದವರ ಹಾಗೆ ಒಮ್ಮೆ ನಿಂತು, ಆಮೇಲೆ ಜಾರಿ ಕೆಳಗೆ ಬರುತ್ತಿದ್ದರು. ಆ ನಿಲ್ಲುವ ಒಂದು ಕ್ಷಣದಲ್ಲಿ ನನಗೆ ಏನೇನೋ ನೆನಪಾಗುತ್ತಿತ್ತು, ಊರು, ನನ್ನ ಅಪ್ಪ, ಶಾಲೆಯ ಗಂಟೆ. ಕೊಂಕಣಿ ನನಗೆ ಅಷ್ಟಕ್ಕಷ್ಟೇ. ಆದರೂ ಕಣ್ಣು ತುಂಬುತ್ತಿತ್ತು, ನೊರೆ ಒಣಗುತ್ತಿತ್ತು, ಆಫೀಸಿನ ಬಸ್ಸು ತಪ್ಪುತ್ತಿತ್ತು.

ಶಿರ್ವದ ಕಡೆಯ ಹೆಣ್ಣುಮಗಳು. ಇಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್ ಆಗಿ ಬಂದವರು. ಇಲ್ಲಿ ವಾರದ ರಜೆ ಶುಕ್ರವಾರ, ಅಂದು ಇಗರ್ಜಿಯಲ್ಲಿ ಕೊಂಕಣಿ ಪೂಜೆಗೆ ಹಾಡುತ್ತಿದ್ದರು. ಇಲ್ಲಿನ ಇಗರ್ಜಿಯ ಕಾಂಪೌಂಡಿನಲ್ಲಿ ಒಂದು ಭಾಷೆಯವರು ಹೊರಗೆ ಬರುವಾಗ ಮತ್ತೊಂದು ಭಾಷೆಯವರು ಒಳಗೆ ಹೋಗುತ್ತಾರೆ, ಎಲ್ಲರಿಗೂ ಅಳೆದು ಕೊಟ್ಟ ಹೊತ್ತು. ಒಂದು ಶುಕ್ರವಾರ ಕೊಂಕಣಿಯವರ ಹೊತ್ತು ಮುಗಿದು ಇವರು ಚಪ್ಪಲಿ ಹಾಕಿಕೊಳ್ಳುವಾಗ ಪಕ್ಕದ ಹಾಲಿನಲ್ಲಿ ಆಫ್ರಿಕದವರು ಹಾಡಲು ಶುರುಮಾಡಿದರಂತೆ. ಚಪ್ಪಾಳೆ, ಕಾಲಿನ ತಾಳ, ಇಡೀ ಮೈಯ ಹಾಡು. ಐರಿನ್ ಬಾಯಿ ಚಪ್ಪಲಿ ಅಲ್ಲೇ ಬಿಟ್ಟು ಒಳಗೆ ಹೋದರು. ಮುಂದಿನ ವಾರದಿಂದ ಎರಡು ಹಾಲಿನಲ್ಲೂ ಹಾಡತೊಡಗಿದರು.

ಅವರಿಗೆ ಡ್ರೈವಿಂಗ್ ಲೈಸೆನ್ಸ್ ಇರಲಿಲ್ಲ, ಹಾಗಾಗಿ ಎಷ್ಟೋ ಶುಕ್ರವಾರ ನಾನೇ ಬಿಟ್ಟು ಬಂದದ್ದುಂಟು. ಬಿಟ್ಟು ಬರುವುದು ಎಂದರೆ ಹೊರಗೆ ಕಟ್ಟೆಯ ಮೇಲೆ ಕೂತು ಕೇಳುವುದು. ಒಂದು ದಿನ ಆ ತಂಡದ ಒಬ್ಬ ದೊಡ್ಡ ಹೆಂಗಸು ನನ್ನನ್ನು ಕೈಹಿಡಿದು ಒಳಗೆ ಎಳೆದು, ಗೆಜ್ಜೆ ಬಿಲ್ಲೆಗಳಿದ್ದ ಒಂದು ಸಣ್ಣ ತಮಟೆ ಕೊಟ್ಟರು. ಬಹಳ ಉತ್ಸಾಹದಿಂದ ಬಡಿದೆ. ಎರಡು ನಿಮಿಷದಲ್ಲಿ ಅದೇ ಹೆಂಗಸು ಅಷ್ಟೇ ಪ್ರೀತಿಯಿಂದ ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡರು. ನನಗೆ ತಾಳವೂ ಇಲ್ಲ, ಸ್ವರವೂ ಇಲ್ಲ. ನಾನು ಜೋಗುಳ ಹಾಡಿದರೆ ನನ್ನ ಮಗಳು ನಿದ್ದೆಯಿಂದ ಎದ್ದು ಅಳುತ್ತಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೋಟೆಲಿಗೆ ಅವರನ್ನು ಕರೆದದ್ದು ರೋಲಿ ಎಂಬ ಫಿಲಿಪಿನೋ. ಅಲ್ಲಿನ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನು, ಶುಕ್ರವಾರ ಇಗರ್ಜಿಯಲ್ಲಿ ಇವರ ಹಾಡು ಕೇಳಿದ್ದ. ವಾರಕ್ಕೆ ನಾಲ್ಕು ಸಂಜೆ ಹಾಡಬೇಕು ಎಂದ. ಐರಿನ್ ಬಾಯಿ ಕ್ಲಿನಿಕ್ ಬಿಟ್ಟರು. ಆ ದೋಣಿಯ ಹಾಡನ್ನೇ ರೋಲಿ ನಿಧಾನ ಮಾಡಿ, ಕೀಬೋರ್ಡಿನ ಮೇಲೆ ಹರಡಿ ಕೊಟ್ಟ. ನಾನೂ ವಿನೋದಾಳೂ ಒಮ್ಮೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋಗಿ, ಒಂದು ನಿಂಬೆ ಶರಬತ್ತನ್ನು ಎರಡು ಗಂಟೆ ಕುಡಿದೆವು. ಆ ತಿರುವು ಬಂದಾಗ ಪಕ್ಕದ ಮೇಜಿನ ಬಿಳಿಯ ಹೆಂಗಸೊಬ್ಬಳು ಚಮಚ ಕೆಳಗಿಟ್ಟಳು.

"ಮ್ಯಾಡಮ್, ಇದೇ ಸೋಲ್, ಹಾಡಿನ ಆತ್ಮ ಅಂದ್ರೆ ಇದೇ. ಇದು ನಿಮಗೆ ಯಾರು ಕಲಿಸಿದ್ದು?" ಎಂದು ರೋಲಿ ನಮ್ಮೆದುರೇ ಕೇಳಿದ.

"ಯಾರೂ ಇಲ್ಲ. ಊರಿನಲ್ಲಿ ನನ್ನ ಅಣ್ಣ ಹಾಡು ಕಲಿಸಿದ. ಅವನು ಅಲ್ಲಿ ನೆಟ್ಟಗೆ ಇಳಿಯುತ್ತಾನೆ. ಇದು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ" ಎಂದರು ಐರಿನ್ ಬಾಯಿ.

ರಂಜಾನ್ ತಿಂಗಳಲ್ಲಿ ಹೋಟೆಲುಗಳಲ್ಲಿ ಹಾಡು ಇರುವುದಿಲ್ಲ. ಆ ತಿಂಗಳು ಪೂರ್ತಿ ಐರಿನ್ ಬಾಯಿ ನಮ್ಮ ಮನೆಯಲ್ಲೇ. ವಿನೋದಾಳ ಜೊತೆ ಪತ್ರೊಡೆ ಸುತ್ತುತ್ತಾ, ಏಡಿ ಒಡೆಯುತ್ತಾ ಸುಮ್ಮನೆ ಗುನುಗುತ್ತಿದ್ದರು. ದುಬೈಯ ಯಾರೋ ಒಬ್ಬರು ಪೂರ್ತಿ ಒಂದು ಆಲ್ಬಮ್ ಮಾಡೋಣ ಬನ್ನಿ ಎಂದು ಕರೆದದ್ದೂ, ಇಲ್ಲಿ ವೀಸಾ ಕೊಟ್ಟ ಧಣಿ, ಕಫೀಲ್, ಬಿಡಲು ಒಪ್ಪದೆ ಅದು ಅಲ್ಲಿಗೇ ನಿಂತದ್ದೂ ನಮಗೆ ಹೇಳಿದ್ದು ಅಂಥ ಒಂದು ರಂಜಾನಿನಲ್ಲೇ. ಮದುವೆ ಯಾಕೆ ಆಗಲಿಲ್ಲ ಎಂದು ವಿನೋದಾ ಒಮ್ಮೆ ಕೇಳಿಯೇಬಿಟ್ಟಳು. "ಶುಕ್ರವಾರ ಇಗರ್ಜಿ, ನಾಲ್ಕು ಸಂಜೆ ಹೋಟೆಲು. ಗಂಡನಿಗೆ ಯಾವ ದಿನ ಕೊಡ್ಲಿ ವಿನೋದಾ?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಅಮ್ಮನ ವಿಷಯ ಹೇಳಿದರು.

ಅಮ್ಮ ಕಾರ್ಮಿನ್ ಬಾಯಿ ಒಂದು ಕಾಲದಲ್ಲಿ ಊರಿನ ಇಗರ್ಜಿಯ ಮುಖ್ಯ ಹಾಡುಗಾರ್ತಿ. ಐರಿನ್ ಬಾಯಿಗೆ ಮೂರು ವರ್ಷ ಆಗಿದ್ದಾಗ ಅಪ್ಪ ತೀರಿಕೊಂಡರು. ಅಂದಿನಿಂದ ಅಮ್ಮ ಹಾಡುವುದನ್ನೇ ಬಿಟ್ಟರು. "ಅಮ್ಮನ ಹಾಡು ನನಗೆ ನೆನಪೇ ಇಲ್ಲ. ಒಂದು ಸಾಲು ಕೂಡ ಇಲ್ಲ" ಎನ್ನುವಾಗ ಅವರ ಕೈಯಲ್ಲಿದ್ದ ಏಡಿಯ ಕಾಲು ಹಾಗೇ ಇತ್ತು. ಮಗಳು ಹೋಟೆಲಿನಲ್ಲಿ ಹಾಡುತ್ತಾಳೆ ಎಂದು ಗೊತ್ತಾದಾಗ ಕಾರ್ಮಿನ್ ಬಾಯಿ, ದೇವರ ಹಾಡು ಹಾಡಿದ ಬಾಯಲ್ಲಿ ಕುಡುಕರ ಎದುರು ಹಾಡುತ್ತೀಯಾ ಎಂದರಂತೆ. ಫೋನಿಗೆ ಬರುವುದನ್ನೂ ನಿಲ್ಲಿಸಿದರು.

ಇದು ಇಪ್ಪತ್ತಮೂರು ವರ್ಷದ ಹಿಂದಿನ ಮಾತು. ಆ ಮೇ ತಿಂಗಳಲ್ಲಿ ನಾವು ರಜೆಗೆ ಹೊರಟಿದ್ದೆವು. ಐರಿನ್ ಬಾಯಿ ಒಂದು ಚೀಲ ತಂದರು. ಅದರಲ್ಲಿ ಬಾದಾಮಿ, ನೋವಿನ ಮುಲಾಮು, ಸೋಪು, ಮತ್ತೆ ಒಂದು ಕ್ಯಾಸೆಟ್. ರೋಲಿ ರೆಕಾರ್ಡ್ ಮಾಡಿದ್ದು, ಅದೊಂದೇ ಪ್ರತಿ. ಎರಡು ಬದಿಯಲ್ಲೂ ಅದೇ ದೋಣಿಯ ಹಾಡು. ಒಂದು ಬದಿ ಶುಕ್ರವಾರದ ತಂಡದ ಜೊತೆ, ಇನ್ನೊಂದು ಬದಿ ಹೋಟೆಲಿನ ಬ್ಯಾಂಡಿನ ಜೊತೆ.

"ಎರಡೂ ಒಂದೇ ಗಂಟಲು ಅಂತ ಅಮ್ಮನಿಗೆ ಗೊತ್ತಾಗ್ಲಿ ಸುಧಾಕರಣ್ಣ. ಅವಳು ಇದನ್ನು ಕೇಳಿದ್ರೆ ನಾನು ಕ್ರಿಸ್ಮಸ್‌ಗೆ ಧೈರ್ಯದಲ್ಲಿ ಮನೆಗೆ ಹೋಗ್ತೇನೆ."

ನಾನು ಗಂಭೀರವಾಗಿ ಕ್ಯಾಸೆಟ್ಟನ್ನು ದಾರ ಕಟ್ಟಿ ಕೊಕ್ಕೆಗೆ ಸಿಕ್ಕಿಸಿದೆ. ಮುಳ್ಳು ಅಲ್ಲಾಡಲೂ ಇಲ್ಲ. "ನೂರು ಗ್ರಾಂ" ಎಂದು ನಾನೇ ಘೋಷಿಸಿದೆ. "ಇದಕ್ಕೆಂತ ಭಾರ? ಕೈಯಲ್ಲಿ ಹಿಡ್ಕೊಂಡು ಹೋಗ್ತೇನೆ!"

ಈಗ ಗೋಡೌನಿನ ಹೊಸ ಹುಡುಗರಿಗೆ ನಾನು ಕಲಿಸುವ ಮೊದಲ ಪಾಠ ಏನು ಗೊತ್ತಾ? ತಕ್ಕಡಿ ಖಾಲಿ ಇರುವಾಗ ಮುಳ್ಳು ಸೊನ್ನೆಯಲ್ಲಿ ಉಂಟಾ ಎಂದು ನೋಡು. ಆ ಸಲ ಬಾಗಿಲು ಬಡಿದೋ ಏನೋ ಮುಳ್ಳು ಸೊನ್ನೆಗಿಂತ ಎರಡು ಗೆರೆ ಹಿಂದೆ ನಿಂತಿತ್ತು. ಈ ಮೇಸ್ಟ್ರು ನೋಡಲಿಲ್ಲ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಪೆಟ್ಟಿಗೆ ಎರಡು ಕಿಲೋ ಹೆಚ್ಚು ತೂಗಿತು. ಇಡೀ ಕಟ್ಟಡಕ್ಕೆ ತೀರ್ಪು ಕೊಡುವವನು, ನೂರು ಜನರ ಸಾಲಿನೆದುರು ಮಂಡಿಯೂರಿ ಪೆಟ್ಟಿಗೆ ಬಿಚ್ಚಿದ. ವಿನೋದಾ ಮಗಳನ್ನು ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಿದ್ದಳು. ಹಿಂದಿನಿಂದ ಯಾರೋ "ಯಲ್ಲಾ, ಯಲ್ಲಾ" ಎಂದು ಅವಸರ ಮಾಡುತ್ತಿದ್ದರು. ಬೆವರು ಕಣ್ಣಿಗಿಳಿದು ಏನೂ ಕಾಣುತ್ತಿರಲಿಲ್ಲ. ಹಾಲಿನ ಪುಡಿಯ ಒಂದು ಡಬ್ಬ ತೆಗೆದೆ, ಒಂದು ದಪ್ಪ ಟವಲಿನ ಮಡಿಕೆ ತೆಗೆದೆ, ಅಲ್ಲೇ ನೆಲ ಒರೆಸುತ್ತಿದ್ದ ಬಂಗಾಳಿಯ ಕೈಗೆ "ಭಾಯ್, ತುಮ್ ರಖೋ" ಎಂದು ಕೊಟ್ಟುಬಿಟ್ಟೆ. ಅವನು ನನಗೆ ಸಲಾಂ ಹೊಡೆದ, ನಾನು ಏನೋ ಪುಣ್ಯ ಮಾಡಿದವನ ಹಾಗೆ ತಲೆ ಅಲ್ಲಾಡಿಸಿದೆ.

ಆಗ ಮಂಗಳೂರಿಗೆ ನೇರ ವಿಮಾನ ಇರಲಿಲ್ಲ. ಬೊಂಬಾಯಿಯಲ್ಲಿ ಇಳಿದು ಊರಿನ ಬಸ್ಸು ಹತ್ತಿ ಕೂತಮೇಲೆ ವಿನೋದಾ ಕೇಳಿದಳು: "ಕ್ಯಾಸೆಟ್ ಒಡೀಬಾರದು ಅಂತ ಆ ದಪ್ಪ ಟವಲಿನೊಳಗೆ ಸುತ್ತಿಟ್ಟಿದ್ದೆ. ಸರಿ ಉಂಟಲ್ಲ?"

ಆ ಟವಲು ಯಾರ ಕೈ ಸೇರಿತೆಂದು ಹೇಳಬೇಕಾಯಿತು.  ಊರು ಮುಟ್ಟುವವರೆಗೆ ಅವಳು ಕಿಟಕಿಯ ಕಡೆಗೇ ಮುಖ ತಿರುಗಿಸಿ ಕೂತಳು.

ಶಿರ್ವದ ಪೇಟೆಯಲ್ಲಿ ಐರಿನ್ ಬಾಯಿಯ ಅಣ್ಣನ ಟೈಲರ್ ಅಂಗಡಿಗೆ ನಾನೊಬ್ಬನೇ ಹೋದೆ. ಯೂನಿಫಾರ್ಮ್ ಹೊಲಿಯುವ ಸೀಸನ್, ಎಲ್ಲಿ ನೋಡಿದರೂ ನೀಲಿ ಬಟ್ಟೆ. ಮೂಲೆಯಲ್ಲಿ ದಪ್ಪ ಕನ್ನಡಕದ ಸಣ್ಣ ಮುದುಕಿಯೊಬ್ಬರು ಅಂಗಿಗಳಿಗೆ ಗುಂಡಿ ಹೊಲಿಯುತ್ತಾ ಕೂತಿದ್ದರು, ಅವರೇ ಕಾರ್ಮಿನ್ ಬಾಯಿ. ಕತ್ತರಿಸುವ ಮೇಜಿನ ಮೇಲೆ ನೀಲಿ ಬಟ್ಟೆಗಳನ್ನೆಲ್ಲ ಒಂದು ಬದಿಗೆ ಸರಿಸಿ ಒಂದು ಟೇಪ್ ರೆಕಾರ್ಡರ್ ಇಟ್ಟಿದ್ದರು. ಕ್ಯಾಸೆಟ್ ಬರುತ್ತದೆ ಎಂದು ಐರಿನ್ ಬಾಯಿ ಕಾಗದ ಬರೆದಿದ್ದರಂತೆ. ಅಣ್ಣ ನೆರೆಮನೆಯಿಂದ ಅದನ್ನು ಕೇಳಿ ತಂದು ಹೊಸ ಬ್ಯಾಟರಿ ಹಾಕಿ ನನ್ನನ್ನು ಕಾಯುತ್ತಿದ್ದರು. ಅದನ್ನು ನೋಡಿದ ಕೂಡಲೇ ನನಗೆ ವಾಪಸು ಬಸ್ಸು ಹತ್ತಿ ಹೋಗೋಣ ಅನ್ನಿಸಿತು.

"ಕೂತ್ಕೊಳ್ಳಿ, ಕೂತ್ಕೊಳ್ಳಿ, ಸೋಡಾ ತರ್ತೇನೆ" ಎಂದು ಅಣ್ಣ ಹೊರಗೆ ಓಡಿದರು. ಅಂಗಡಿಯಲ್ಲಿ ಉಳಿದದ್ದು ನಾನೂ ಆ ಮುದುಕಿಯೂ ಮಾತ್ರ. ನಾನು ಚೀಲ ಕೊಟ್ಟೆ. ಕಾರ್ಮಿನ್ ಬಾಯಿ ಬಾದಾಮಿಯನ್ನೂ ಮುಲಾಮನ್ನೂ ಬದಿಗಿಟ್ಟು ಖಾಲಿ ಚೀಲದೊಳಗೆ ಮತ್ತೊಮ್ಮೆ ಕೈ ಹಾಕಿ ಹುಡುಕಿದರು.

"ಮತ್ತೆ ಎಂತದೂ ಇಲ್ವಾ?"

ಅಲ್ಲಿ ನನಗೆ ಸುಳ್ಳು ಬರಲಿಲ್ಲ. ತಕ್ಕಡಿ, ಟವಲು, ಬಂಗಾಳಿ, ಎಲ್ಲ ಹೇಳಿದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು ಆ ಟೇಪ್ ರೆಕಾರ್ಡರನ್ನೇ ನೋಡಿದರು.

"ನೀನು ಕೇಳಿದ್ದೀಯಾ ಪುತಾ?" ಎಂದರು. ಕೊಂಕಣಿಯಲ್ಲಿ ಪುತಾ ಎಂದರೆ ಮಗನೇ. "ಹೇಗೆ ಹಾಡ್ತಾಳೆ?"

"ದಿನಾ ಕೇಳ್ತೇನೆ. ಆದ್ರೆ ಹೇಳ್ಲಿಕ್ಕೆ ಬರುದಿಲ್ಲ ಬಾಯಿ."

"ಹೇಳ್ಲಿಕ್ಕೆ ಬರದಿದ್ರೆ ಹಾಡಿ ತೋರಿಸು."

ಅಯ್ಯೋ ದೇವರೇ! ಆದರೆ ತಪ್ಪಿತಸ್ಥನಿಗೆ ಆಯ್ಕೆ ಎಲ್ಲಿ? ಕಿಂಡಿಯಲ್ಲಿ ಕೇಳಿ ಕೇಳಿ ಮಾತು ಬಾಯಿಪಾಠ ಆಗಿತ್ತು. ಕಣ್ಣು ಮುಚ್ಚಿಕೊಂಡು ಶುರುಮಾಡಿದೆ. ಹೊರಗೆ ಹೋಗುತ್ತಿದ್ದ ಒಬ್ಬರು ನಿಂತು ಇಣುಕಿ ನೋಡಿ ಹೋದರು. ಕಾರ್ಮಿನ್ ಬಾಯಿ ಮೊದಲು ಸೆರಗು ಬಾಯಿಗೆ ಒತ್ತಿದರು, ಆಮೇಲೆ ತಡೆಯಲಾರದೆ ನಕ್ಕುಬಿಟ್ಟರು. ನಾನು ಬಿಡಲಿಲ್ಲ, ಕೊನೆಯ ಸಾಲಿಗೆ ಬಂದೆ. 'ಕೂಗು' ಎನ್ನುವಲ್ಲಿ ನನಗೆ ಆ ತಿರುವು ಎಲ್ಲಿಂದ ಬರಬೇಕು? ನೆಟ್ಟಗೆ ಇಳಿದೆ.

"ಹಾಗಲ್ಲ ಪುತಾ" ಎಂದರು ಅವರು. ಕನ್ನಡಕ ತೆಗೆದು, ಆ ಸಾಲನ್ನು ಹಾಡಿದರು.

ಸಣ್ಣ ಸ್ವರ, ಎಷ್ಟೋ ವರ್ಷ ಬಳಸದೆ ಬಿಟ್ಟದ್ದು, ನಡುವೆ ಒಡೆಯಿತು ಕೂಡ. ಆದರೆ 'ಕೂಗು' ಎಂಬಲ್ಲಿ ಸ್ವಲ್ಪ ಮೇಲೆ ಹೋಗಿ, ಅಲ್ಲಿ ಮರೆತುಹೋದವರ ಹಾಗೆ ನಿಂತು, ಜಾರಿ ಕೆಳಗೆ ಬಂತು. ಅದೇ. ತಲೆಕೂದಲಿನಷ್ಟೂ ವ್ಯತ್ಯಾಸ ಇಲ್ಲ.  ಮತ್ತೆ ಮೊದಲಿನಿಂದ ಪೂರ್ತಿ ಹಾಡಿದರು. ಎದುರಿಗೇ ಟೇಪ್ ರೆಕಾರ್ಡರ್ ಇತ್ತು, ಹೊಸ ಬ್ಯಾಟರಿ ಇತ್ತು, ಒಳಗೆ ಯಾವುದೋ ಹಳೇ ಕ್ಯಾಸೆಟ್ ಕೂಡ ಇತ್ತು. ಕೆಂಪು ಗುಂಡಿ ಒತ್ತಬೇಕೆಂದು ಈ ದಡ್ಡನಿಗೆ ಹೊಳೆಯಲೇ ಇಲ್ಲ.

ಅಣ್ಣನ ಹೆಜ್ಜೆ ಕೇಳಿತು. ಕಾರ್ಮಿನ್ ಬಾಯಿ ಕನ್ನಡಕ ಹಾಕಿಕೊಂಡು ಪಿಸುಗುಟ್ಟಿದರು. "ಅವಳಿಗೆ ಹೇಳು, ಅಮ್ಮ ಕೇಳಿದ್ದಾಳೆ ಅಂತ. ಕ್ಯಾಸೆಟ್ ಹೋದದ್ದು ಹೇಳಬೇಡ, ಬೇಜಾರು ಮಾಡಿಕೊಳ್ತಾಳೆ. ನಾನು ಹಾಡಿದ್ದೂ ಹೇಳಬೇಡ. ಕ್ರಿಸ್ಮಸ್‌ಗೆ ಬರ್ತಾಳಲ್ಲ, ಆಗ ನಾನೇ ಅವಳ ಎದುರು ಹಾಡ್ತೇನೆ." ಸೋಡಾ ಹಿಡಿದು ಬಂದ ಮಗನಿಗೆ, "ಕೇಳಿ ಆಯ್ತು. ಆ ಹಾಡಿನ ಪೆಟ್ಟಿಗೆ ನೆರೆಮನೆಗೆ ವಾಪಸು ಕೊಟ್ಟು ಬಾ" ಎಂದರು. ಅವರು ಪಾಪ, ನಂಬಿದರು.

ರಜೆ ಮುಗಿಸಿ ಬಂದು ಐರಿನ್ ಬಾಯಿಗೆ ಹೇಳಿದೆ, ಅಮ್ಮ ಕೇಳಿದರು ಎಂದು. ಅಣ್ಣನೂ ಫೋನಿನಲ್ಲಿ ಹಾಗೇ ಹೇಳಿದ್ದರು. ಅವರ ಸಂತೋಷ ನೋಡಬೇಕಿತ್ತು ನೀವು. ಡಿಸೆಂಬರಿಗೆ ರಜೆ ಹಾಕಿದರು, ಅಮ್ಮನಿಗೆ ಬೂದುಬಣ್ಣದ ಸೀರೆ ತೆಗೆದಿಟ್ಟರು. ನಾನೂ ಒಳಗೊಳಗೇ ದಿನ ಎಣಿಸುತ್ತಿದ್ದೆ. ಆದರೆ ಕಾರ್ಮಿನ್ ಬಾಯಿ ಆ ಮಳೆಗಾಲ ದಾಟಲಿಲ್ಲ. ಗುಂಡಿ ಹೊಲಿಯುತ್ತಾ ಇದ್ದವರು ಹಾಗೇ ಗೋಡೆಗೆ ಒರಗಿದರಂತೆ.

ಮಣ್ಣು ಮಾಡಿ ಬಂದ ಐರಿನ್ ಬಾಯಿ ನಮ್ಮ ಸೋಫಾದಲ್ಲಿ ಕೂತು, "ನನ್ನ ಹಾಡು ಕೇಳಿ ಹೋದಳಲ್ಲ ವಿನೋದಾ, ಅಷ್ಟು ಸಾಕು ನನಗೆ" ಎಂದರು. ವಿನೋದಾ ನನ್ನ ಮುಖ ನೋಡಿದಳು. ಕ್ಯಾಸೆಟ್ ಹೋದದ್ದು ಅವಳಿಗೆ ಗೊತ್ತಿತ್ತು, ಕಾರ್ಮಿನ್ ಬಾಯಿ ಹಾಡಿದ್ದು ಗೊತ್ತಿರಲಿಲ್ಲ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ನೀವೇ ಹೇಳಿ, ಹೇಗೆ ಹೇಳಲಿ? ನಿಮ್ಮಮ್ಮ ನಿಮ್ಮ ಸ್ವರ ಕೇಳಲೇ ಇಲ್ಲ, ನಿಮಗೆ ಹಾಡಿ ತೋರಿಸಬೇಕು ಎಂದು ಕಾಯುತ್ತಾ ಹೋದರು ಎಂದು ಹೇಳುವುದಾ? ಆ ಬಂಗಾಳಿಯನ್ನಾದರೂ ಹುಡುಕೋಣ ಎಂದು ಹೊರಟೆ. ವಿಮಾನ ನಿಲ್ದಾಣದಲ್ಲಿ ವಿಚಾರಿಸಿದರೆ, ಅವನು ಇಬ್ರಿ ಎಂಬ ದೂರದ ಊರಿಗೆ ಹೋಗಿದ್ದಾನೆ ಎಂದರು. ಕಂಪನಿಯ ಪಿಕಪ್ಪಿನಲ್ಲಿ ಇಬ್ರಿಯವರೆಗೆ ಹೋದೆ. ಅಲ್ಲಿ ಸಿಕ್ಕಿದ್ದು ಅದೇ ಹೆಸರಿನ ಬೇರೆ ಮನುಷ್ಯ, ವಿಮಾನ ನಿಲ್ದಾಣದಲ್ಲಿ ಒಂದು ದಿನವೂ ಕೆಲಸ ಮಾಡಿದವನಲ್ಲ. ಪಾಪ, ಚಹಾ ಕುಡಿಸಿ ಕಳಿಸಿದ.

ಐರಿನ್ ಬಾಯಿ ಮತ್ತೆ ಎಷ್ಟೋ ವರ್ಷ ಹಾಡಿದರು. ಹೋಟೆಲಿನಲ್ಲಿ, ಮದುವೆಗಳಲ್ಲಿ, ಶುಕ್ರವಾರದ ಹಾಲಿನಲ್ಲಿ. ಒಮ್ಮೆ ದುಕ್ಮ್‌ನ ಕಾರ್ಮಿಕರ ಕ್ಯಾಂಪಿಗೂ ಕ್ರಿಸ್ಮಸ್ ಹಾಡಲು ಬಸ್ಸಿನಲ್ಲಿ ಹೋಗಿ ಬಂದರು. ಆದರೆ ಆ ದೋಣಿಯ ಹಾಡನ್ನು ಮಾತ್ರ ಮತ್ತೆ ಹಾಡಲಿಲ್ಲ. ಅದು ಅಮ್ಮನಿಗೆ ಕೊಟ್ಟಾಯಿತು ಎನ್ನುತ್ತಿದ್ದರು. ನಾನು ದಿನಾ ಬೆಳಿಗ್ಗೆ ನೊರೆ ಹಚ್ಚಿಕೊಂಡು ಕಿಂಡಿಯ ಕೆಳಗೆ ನಿಲ್ಲುತ್ತಿದ್ದೆ. ಬೇರೆ ಹಾಡು ಬರುತ್ತಿತ್ತು, ಅದು ಬರುತ್ತಿರಲಿಲ್ಲ. ಕೊರೊನಾ ಬಂದು ಹೋಟೆಲಿನ ಬ್ಯಾಂಡ್ ನಿಂತಿತು, ರೋಲಿ ತನ್ನ ದೇಶಕ್ಕೆ ಹೋದ. ಆಮೇಲೆ ಇವರಿಗೆ ಥೈರಾಯ್ಡ್ ಆಪರೇಶನ್ ಆಗಿ ಸ್ವರ ಬಿದ್ದುಹೋಯಿತು. ಮಾತು ಗೊರಗೊರ ಆಯಿತು. ಹಳೆಯ ಕ್ಲಿನಿಕ್ಕಿಗೇ ವಾಪಸು ಹೋಗಿ ಕೌಂಟರಿನಲ್ಲಿ ಕೂತರು. ಕಿಂಡಿಯಿಂದ ಈಗ ಬರುವುದು ಯಾರದೋ ಗೀಸರಿನ ಸದ್ದು ಮಾತ್ರ.

ಮೊನ್ನೆ ಶುಕ್ರವಾರಕ್ಕೆ ಬರುತ್ತೇನೆ. ಮೊದಲನೇ ಪೆಟ್ಟಿಗೆ ಸರಿಯಾಗಿತ್ತು. ಎರಡನೆಯದು ಮೂವತ್ತು ಕಿಲೋದ ಮಿತಿಗಿಂತ ಒಂದು ಕಿಲೋ ಹೆಚ್ಚು. ಮುಳ್ಳು ಸೊನ್ನೆಯಲ್ಲಿತ್ತಾ ಎಂದು ನಾಲ್ಕು ಸಲ ನೋಡಿದ್ದೆ. ಐರಿನ್ ಬಾಯಿ ಪೆಟ್ಟಿಗೆ ತೆರೆದು, ಮೇಲಿದ್ದ ಒಂದು ದಪ್ಪ ಟವಲಿನ ಮಡಿಕೆ ಎತ್ತಿ, "ಇದು ಬೇಡ ವಿನೋದಾ, ನೀನೇ ಇಟ್ಕೋ" ಎಂದರು.

"ಬಿಡಿಸಿ ನೋಡಿ! ಮೊದಲು ಬಿಡಿಸಿ ನೋಡಿ!" ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಇಬ್ಬರೂ ಬೆಚ್ಚಿಬಿದ್ದರು.

"ಎಂತ ಆಯ್ತು ನಿಮಗೆ? ಬರೀ ಟವಲ್ ಮಾರಾಯ್ರೆ."

ಇನ್ನು ನನ್ನಿಂದ ಆಗಲಿಲ್ಲ. ಹೋಗಿಬಿಡುತ್ತಾರೆ, ಇನ್ನು ಈ ಬಾಗಿಲು ತಟ್ಟುವುದಿಲ್ಲ. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಟವಲಿನಿಂದ ಹಿಡಿದು ಕ್ರಿಸ್ಮಸ್‌ಗೆ ನಾನೇ ಹಾಡ್ತೇನೆ ಎಂದದ್ದರವರೆಗೆ. ವಿನೋದಾ ಅಡುಗೆಮನೆಯ ಬಾಗಿಲಲ್ಲಿ ಬಾಯಿ ತೆರೆದು ನಿಂತಳು. ಐರಿನ್ ಬಾಯಿ ಪೆಟ್ಟಿಗೆಯ ಅಂಚಿನ ಮೇಲೆ ಕೂತರು.

"ಕೇಳ್ಲೇ ಇಲ್ವಾ ಅಮ್ಮ?"

"ಇಲ್ಲ."

"ಇಪ್ಪತ್ತಮೂರು ವರ್ಷ ಸುಧಾಕರಣ್ಣ! ಮೇಣದಬತ್ತಿ ಹಚ್ಚಿದ ಪ್ರತಿ ಸಲ, ಕೇಳಿದಿ ಅಲ್ವಾ ಅಮ್ಮ ಅಂತ ಮಾತಾಡಿದ್ದೇನೆ. ನನಗೆ ತಡೀಲಿಕ್ಕೆ ಆಗುದಿಲ್ಲ ಅಂತ ನಿಮಗೆ ಯಾರು ಹೇಳಿದ್ದು?"

ನಾನು ತಲೆ ತಗ್ಗಿಸಿ ಆ ಟವಲಿನ ಅಂಚು ನೋಡುತ್ತಾ ನಿಂತೆ. ಆಮೇಲೆ ಅವರು ಕೇಳಿದರು, ಈಗಿನ ಆ ಒಡೆದ ದನಿಯಲ್ಲಿ, ತೀರಾ ಮೆಲ್ಲಗೆ.

"ಅಮ್ಮ ಹಾಡಿದಳಾ?"

"ಹಾಡಿದರು. ಪೂರ್ತಿ."

"ಹೇಗೆ ಹಾಡಿದಳು? ಹಾಡಿ ತೋರಿಸಿ."

ಎರಡನೇ ಸಲ ನನ್ನ ಬದುಕಿನಲ್ಲಿ ಅದೇ ಮಾತು. ವಿನೋದಾ ಒಳಗೆ ಹೋಗಿ ಫ್ಯಾನು ಆಫ್ ಮಾಡಿದಳು. ನಾನು ಹಾಡಿದೆ. ಈ ಸಲ ಯಾರೂ ನಗಲಿಲ್ಲ. ಕೊನೆಯ ಸಾಲಿನಲ್ಲಿ ಆ ಮುದುಕಿ ಕನ್ನಡಕ ತೆಗೆದದ್ದನ್ನೇ ನೆನೆದುಕೊಂಡು, ಹೇಗೋ ಮೇಲೆ ಹತ್ತಿ, ನಿಂತು, ಜಾರಿ ಬಂದೆ. ಐರಿನ್ ಬಾಯಿ ಕೈ ಎತ್ತಿದರು.

"ಅಲ್ಲಿ. ಅದು ನೀವು ನನ್ನಿಂದ ಕೇಳಿದ್ದಲ್ವಾ? ನಾನು ಹಾಡ್ತಿದ್ದದ್ದು ಹಾಗೆ."

"ಅಲ್ಲ ಬಾಯಿ. ನಾನು ಅಲ್ಲಿ ನೆಟ್ಟಗೆ ಇಳಿದೆ. ಹಾಗಲ್ಲ ಪುತಾ ಅಂತ ಅಮ್ಮ ತಿದ್ದಿದ್ದೇ ಅಲ್ಲಿ. ಅವರು ಹಾಡಿದ್ದು ಹೀಗೆ."

ಐರಿನ್ ಬಾಯಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ವಿನೋದಾ ಬಂದು ಅವರ ಪಕ್ಕ ನೆಲದ ಮೇಲೆ ಕೂತಳು. "ಇನ್ನೊಮ್ಮೆ" ಎಂದರು ಅವರು, ಮುಖ ಮುಚ್ಚಿಕೊಂಡೇ. ಹಾಡಿದೆ. "ಇನ್ನೊಮ್ಮೆ." ನಾಲ್ಕನೇ ಸಲವೋ ಐದನೇ ಸಲವೋ ನನಗೆ ಲೆಕ್ಕ ಇಲ್ಲ, ಅವರೂ ಸೇರಿಕೊಂಡರು. ಒಡೆದ ಸ್ವರ, ನನ್ನದಕ್ಕಿಂತ ಏನೂ ಹೆಚ್ಚಲ್ಲ. ಆದರೆ ಆ ತಿರುವಿನಲ್ಲಿ ನಾನು ಬಾಯಿ ಮುಚ್ಚಿದೆ. ಅವರೊಬ್ಬರೇ ಮೇಲೆ ಹೋದರು, ನಿಂತರು, ಜಾರಿ ಬಂದರು. ಆ ಹಾಡಿಗೆ ನಾನು ಎಷ್ಟು ವರ್ಷ ಕಿಂಡಿಯ ಕೆಳಗೆ ಕಾದಿದ್ದೆ ಎಂದು ನನಗೆ ಮಾತ್ರ ಗೊತ್ತು.

ಆಮೇಲೆ ಎದ್ದು ಮುಖ ತೊಳೆದು ಬಂದರು. ಟವಲನ್ನು ಪೆಟ್ಟಿಗೆಯಿಂದ ಹೊರಗಿಟ್ಟು, ಪೆಟ್ಟಿಗೆ ಮುಚ್ಚಿದರು. ನಾನು ಮತ್ತೆ ಕೊಕ್ಕೆಗೆ ಸಿಕ್ಕಿಸಿದೆ. ಮುಳ್ಳು ನಡುಗಿ ಮೂವತ್ತರಲ್ಲಿ ನಿಂತಿತು.

"ಸರಿ ಉಂಟು" ಎಂದೆ.  "ಊರಿಗೆ ಮುಟ್ಟಿ ಫೋನ್ ಮಾಡಿ."

"ಮಾಡ್ತೇನೆ. ಮೊದಲು ಇಗರ್ಜಿಯ ಹಿಂದೆ ಅಮ್ಮನ ಹತ್ತಿರ ಹೋಗಿ ಬರ್ತೇನೆ ಸುಧಾಕರಣ್ಣ" ಎಂದರು ಐರಿನ್ ಬಾಯಿ, ಪೆಟ್ಟಿಗೆಯ ಹಿಡಿ ಎಳೆಯುತ್ತಾ. "ನಾನು ಕೇಳಿದೆ ಅಂತ ಹೇಳಿ ಬರ್ತೇನೆ."